ತಕ್ಕಡಿಗೆ ಮುದ್ರೆ ಇದೆ, ವಾಲ್ವಿಗೆ ಯಾಕಿಲ್ಲ?

ನಾನು ಶಿರಾ ಸೀಮೆಯ ಮಳೆ ನಂಬಿದ ರೈತ. ರಾಗಿ, ಕಡ್ಲೆಕಾಯಿ, ಒಂದು ಬೋರಿನ ನೀರಲ್ಲಿ ಅರ್ಧ ಎಕರೆ ತರಕಾರಿ. ಓದಿದ್ದು ಏಳನೇ ಕ್ಲಾಸು. ಬೆಂಗಳೂರಿನ ನಲ್ಲಿ ನೀರಿನ ವಿಚಾರ ಕೃಷಿ ಪತ್ರಿಕೆಗೆ ಯಾಕಪ್ಪಾ ಅಂತ ಕೇಳಬೇಡಿ. ಕೊನೇವರೆಗೆ ಓದಿ. ಇದು ನಿಮ್ಮ ಬೋರಿಗೂ ಸೇರಿದ ಮಾತು.

ಮಗಳನ್ನು ಕೊಟ್ಟಿರೋದು ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿಗೆ. ಆಂಜನೇಯನ ಗುಡಿ ಇರುವ ಗುಡ್ಡದ ಸುತ್ತಮುತ್ತ ಆ ಊರು ಏರು ಇಳಿಜಾರು. ಮಗಳ ಮನೆ ಕೆಳಗೆ ಒಂದು ಸಣ್ಣ ಮೆಸ್ಸು. ಹೋದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದೆ. ಕಾವೇರಿ ನೀರು ಬಿಡೋ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತಿದ್ದೆ. ಮೆಸ್ಸಿನ ಹಿಂಬದಿಯಲ್ಲಿ ರಸ್ತೆ ಲೈನಿನಿಂದ ನೇರ ಬಂದ ಒಂದು ನಲ್ಲಿ. ಅದಕ್ಕೆ ರಬ್ಬರ್ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಪಾತ್ರೆ ತೊಳೆಯೋ ಡ್ರಮ್ಮಿನ ತಳಕ್ಕೆ ಇಳಿಸಿದ್ದರು. ನೀರು ನಿಂತಿತು. ನಲ್ಲಿ ಯಾರೂ ತಿರುಗಿಸಲಿಲ್ಲ. ಸ್ವಲ್ಪ ಹೊತ್ತಿಗೆ ಡ್ರಮ್ಮಿನ ನೀರು ಇಳಿಯತೊಡಗಿತು! ಯಾರೂ ಮೊಗೆಯುತ್ತಿಲ್ಲ, ತಳ ತೂತೂ ಇಲ್ಲ. ಸೋಪಿನ ನೀರು ಪೈಪಿನಲ್ಲಿ ಹಿಂದಕ್ಕೆ ಹೋಗುತ್ತಾ ಇತ್ತು.

ನೀರು ಬಂದ ದಿನ ಮೊದಲ ಎರಡು ಬಿಂದಿಗೆ ನೊರೆನೊರೆ ಇರುತ್ತದಪ್ಪಾ, ಚೆಲ್ಲಿಬಿಡ್ತೀವಿ ಅಂತ ಮಗಳು ಹಿಂದಿನ ರಾತ್ರಿಯೇ ಹೇಳಿದ್ದಳು. ಆ ನೊರೆ ಎಲ್ಲಿಂದ ಬಂತು ಅನ್ನೋದು ನನಗೆ ಆಗ ಹೊಳೆಯಿತು.

ಹೊಳೆಯೋಕೆ ಕಾರಣ ನನ್ನ ಹೊಲದಲ್ಲಿ ನಾನೇ ಮಾಡಿದ ತಪ್ಪು. ಕೆಲವು ವರ್ಷದ ಹಿಂದೆ ಟೊಮೇಟೊಗೆ ಹೊಡೆಯಲು ಇನ್ನೂರು ಲೀಟರ್ ಡ್ರಮ್ಮಿಗೆ ಔಷಧಿ ಸುರಿದು, ಬೋರಿನ ಡೆಲಿವರಿ ಪೈಪನ್ನು ಅದರೊಳಗೇ ಮುಳುಗಿಸಿ ನೀರು ತುಂಬಿಸುತ್ತಿದ್ದೆ. ಕರೆಂಟು ಹೋಯಿತು. ಎಲೆ ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಡ್ರಮ್ಮು ಅರ್ಧ ಖಾಲಿ. ಪೈಪಿನಲ್ಲಿದ್ದ ನೀರು ತನ್ನ ಭಾರಕ್ಕೆ ಬೋರಿಗೆ ಇಳಿಯುವಾಗ ವಿಷವನ್ನೂ ಎಳೆದುಕೊಂಡು ಹೋಗಿತ್ತು. ಎನ್‌ಆರ್‌ವಿ ಇತ್ತು, ಇಲ್ಲ ಅಂತಲ್ಲ. ಅದರೊಳಗೆ ಮರಳು ಸೇರಿ ಬಾಯಿ ಮುಚ್ಚುತ್ತಿರಲಿಲ್ಲ. ಹಾಕಿದ ಮೇಲೆ ನಾನು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ಆಮೇಲೆ ದಿನಗಟ್ಟಲೆ ನೀರು ಎತ್ತಿ ಹೊರಗೆ ಬಿಟ್ಟೆವು. ದನಗಳನ್ನು ಪಕ್ಕದ ಹೊಲಕ್ಕೆ ಹೊಡೆದುಕೊಂಡು ಹೋಗಿ ನೀರು ಕುಡಿಸಿದೆವು. ಕುಡಿಯುವ ನೀರನ್ನು ಮನೆಯಾಕೆ ಊರಿಂದ ಹೊತ್ತು ತಂದಳು. ಆಕೆ ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ಮೆಸ್ಸಿನವರಿಗೆ ಇದನ್ನು ಹೇಳಿದೆ. "ಅಷ್ಟು ದೊಡ್ಡ ಲೈನು ಯಜಮಾನ್ರೇ, ಅದರಲ್ಲಿ ನಮ್ಮ ಡ್ರಮ್ಮು ಯಾವ ಲೆಕ್ಕ?" ಅಂದರು. ಆದರೂ ಒಳ್ಳೆಯ ಮನುಷ್ಯ, ಪೈಪು ಎತ್ತಿ ಡ್ರಮ್ಮಿನ ಅಂಚಿನ ಮೇಲೆ ಕಟ್ಟಿದರು.

ನೀರು ಹಿಂದಕ್ಕೆ ಹೋಗುವುದು ಎರಡು ರೀತಿ. ಒಂದು, ಎಳೆತ. ನೀರು ನಿಂತಾಗ ಲೈನಿನಲ್ಲಿ ಉಳಿದದ್ದು ತಗ್ಗಿನ ಕಡೆ ಹರಿಯುತ್ತದೆ, ದಿಬ್ಬದ ಮೇಲಿನ ಪೈಪು ಹೀರುತ್ತದೆ. ಯಾರಾದರೂ ಲೈನಿಗೇ ಮೋಟಾರು ಹಾಕಿದ್ದರೆ ಇನ್ನೂ ಜೋರು. ಇನ್ನೊಂದು, ತಳ್ಳು. ದೊಡ್ಡ ಕಟ್ಟಡದಲ್ಲಿ ಬೋರಿನ ಪೈಪು, ಕಾವೇರಿ ಪೈಪು ಎರಡನ್ನೂ ಸೇರಿಸಿ ನಡುವೆ ಒಂದು ಗೇಟ್‌ವಾಲ್ವ್ ಇಟ್ಟಿರುತ್ತಾರೆ. ಅದು ತೆರೆದಿರುವಾಗ ಬೋರಿನ ಮೋಟಾರು ಹಾಕಿದರೆ ಆ ನೀರು ರಸ್ತೆ ಲೈನಿಗೆ ನುಗ್ಗುತ್ತದೆ. ಈಗಂತೂ ಶುದ್ಧೀಕರಿಸಿದ ಕೊಳಚೆ ನೀರಿನ ಪೈಪೂ ಅನೇಕ ಕಟ್ಟಡಗಳಲ್ಲಿ ಪಕ್ಕದಲ್ಲೇ ಇರುತ್ತದೆ.

ನನ್ನ ಅಳಿಯ ಕಟ್ಟಡಗಳ ನೀರಿನ ಕೆಲಸ ಮಾಡಿಸುವ ಮೇಸ್ತ್ರಿ. ಇದನ್ನು ತಡೆಯಲು ದೊಡ್ಡ ಕಟ್ಟಡಕ್ಕೆ ಬೇರೆಯೇ ಸಾಧನ ಇದೆ ಅಂತ ವಿವರಿಸಿದ. ಒಂದರ ಹಿಂದೆ ಒಂದು ಎರಡು ವಾಲ್ವ್, ನಡುವೆ ಒಂದು ಹೊರಗಂಡಿ. ವಾಲ್ವ್ ಸೋರಿದರೆ ಗಂಡಿ ತೆರೆದು ನೀರು ನೆಲಕ್ಕೆ ಸುರಿಯುತ್ತದೆ, ಲೈನಿಗೆ ಹೋಗುವುದಿಲ್ಲ. ಪರೀಕ್ಷೆಗೆಂದೇ ಅದರಲ್ಲಿ ಸಣ್ಣ ನಲ್ಲಿಗಳಿರುತ್ತವೆ. ಗೇಜು ಜೋಡಿಸಿ ಒಂದೊಂದು ವಾಲ್ವೂ ಒತ್ತಡ ಹಿಡಿದು ನಿಲ್ಲುತ್ತದೋ, ಗಂಡಿ ಸರಿಯಾದ ಸಮಯಕ್ಕೆ ತೆರೆಯುತ್ತದೋ ಅಂತ ನೋಡುತ್ತಾರೆ. ಅಮೆರಿಕದ ಬಹಳ ಊರುಗಳಲ್ಲಿ ಹೋಟೆಲು, ಆಸ್ಪತ್ರೆ, ಕಾರ್ಖಾನೆಗಳಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಕಡ್ಡಾಯ. "ಇಲ್ಲಿ ಎನ್‌ಆರ್‌ವಿ ಹಾಕ್ತಾರೆ ಮಾವ. ಹಾಕಿದ ಮೇಲೆ ತಿರುಗಿ ನೋಡಿದವರನ್ನ ನಾನು ಕಂಡಿಲ್ಲ" ಅಂದ.

ಅಲ್ಲಿಯವರಿಗೂ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. 1933ರಲ್ಲಿ ಶಿಕಾಗೋದಲ್ಲಿ ವಿಶ್ವ ಪ್ರದರ್ಶನ ನಡೆಯುತ್ತಿದ್ದಾಗ ಎರಡು ದೊಡ್ಡ ಹೋಟೆಲುಗಳ ಹಳೇ ಪೈಪುಗಳಲ್ಲಿ ಕೊಳಚೆ ನೀರು ಕುಡಿಯುವ ನೀರಿಗೆ ಸೇರಿತು. 1,409 ಜನಕ್ಕೆ ಆಮಶಂಕೆ ಹಿಡಿಯಿತು, 98 ಜನ ಸತ್ತರು. ಕೊಳೆತ ನೀರು ಏನು ಮಾಡುತ್ತದೆಂದು ನಮ್ಮ ರಾಜ್ಯಕ್ಕೂ ಗೊತ್ತು. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು.

ನಿಯಮ ಇಲ್ಲದೆ ಇಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 9ನೇ ಭಾಗದಲ್ಲಿ ಕುಡಿಯುವ ನೀರಿನ ಪೈಪಿಗೂ ಬೇರೆ ನೀರಿನ ಪೈಪಿಗೂ ಜೋಡಣೆ ಇರಬಾರದು ಅಂತ ಇದೆ. ಬರೆದಿಟ್ಟದ್ದನ್ನು ವರ್ಷವರ್ಷ ನೋಡುವ ಕಣ್ಣು ಬೇಕು. ನಾನು ಕಡ್ಲೆಕಾಯಿ ಮಾರೋಕೆ ಹೋದರೆ ವ್ಯಾಪಾರಿಯ ತಕ್ಕಡಿಗೆ ಸರ್ಕಾರದ ಮುದ್ರೆ ಇರಬೇಕು. ಒಮ್ಮೆ ಹಾಕಿದರೆ ಸಾಲದು, ಅವಧಿ ಮುಗಿದ ಮೇಲೆ ಮತ್ತೆ ಹಾಕಿಸಬೇಕು. ಕಾಳು ತೂಗೋ ತಕ್ಕಡಿಗೆ ಇಷ್ಟು ಕಾವಲು ಇರುವಾಗ, ಊರೆಲ್ಲ ಕುಡಿಯೋ ನೀರು ಕಾಯುವ ವಾಲ್ವಿಗೆ ಯಾಕಿಲ್ಲ? ಹೋಟೆಲು, ಆಸ್ಪತ್ರೆ, ಕಾರು ತೊಳೆಯುವ ಜಾಗ, ಬೋರು ಕಾವೇರಿ ಎರಡೂ ಇರುವ ಕಟ್ಟಡ, ಇವಕ್ಕೆ ವರ್ಷಕ್ಕೊಂದು ಪರೀಕ್ಷೆ ಆಗಲಿ. ಪರೀಕ್ಷೆ ಮಾಡಿದ ತಾರೀಕಿನ ಬಿಲ್ಲೆಯನ್ನು ವಾಲ್ವಿಗೇ ಕಟ್ಟಲಿ. ಖರ್ಚು ನೀರಿನಿಂದ ದುಡಿಯುವವರದ್ದು.

ಖರ್ಚು ಜಾಸ್ತಿ ಅನ್ನುವ ಸಣ್ಣ ಮೆಸ್ಸಿನವರಿಗೆ ದುಡ್ಡಿಲ್ಲದ ದಾರಿ ಇದೆ. ನಲ್ಲಿಯ ಬಾಯಿಗೂ ಡ್ರಮ್ಮಿನ ಅಂಚಿಗೂ ಒಂದು ಗೇಣು ಗಾಳಿ ಬಿಡಿ. ನೀರು ಮೇಲಿಂದ ಬೀಳಲಿ. ಗಾಳಿಯನ್ನು ದಾಟಿ ಕೊಳೆ ಹಿಂದಕ್ಕೆ ಹೋಗಲಾರದು. ಗಾಳಿಗೆ ತುಕ್ಕು ಹಿಡಿಯುವುದಿಲ್ಲ, ಮರಳು ಸಿಕ್ಕುವುದಿಲ್ಲ.

ಇನ್ನು ನಮ್ಮ ಮನೆ ಕೆಲಸ. ಡ್ರಿಪ್ಪಿನ ಜೊತೆ ವೆಂಚುರಿಯಲ್ಲಿ ಗೊಬ್ಬರ ಕೊಡುವವರು ಈಗ ಬಹಳ. ಮೋಟಾರು ನಿಂತಾಗ ಗೊಬ್ಬರದ ಟ್ಯಾಂಕು ಬೋರಿಗೆ ಇಳಿಯದಂತೆ ತಡೆಯುವುದು ಆ ಒಂದು ಎನ್‌ಆರ್‌ವಿ ಮಾತ್ರ. ಬೆಳೆಗೊಂದು ಸಲವಾದರೂ ನೋಡಿ. ಮೋಟಾರು ನಿಲ್ಲಿಸಿ, ಎನ್‌ಆರ್‌ವಿಗಿಂತ ಬೋರಿನ ಕಡೆ ಇರುವ ಸಣ್ಣ ನಲ್ಲಿ ತೆರೆಯಿರಿ. ಪೈಪಿನಲ್ಲಿ ಉಳಿದ ಸ್ವಲ್ಪ ನೀರು ಸುರಿದು ನಿಂತರೆ ಸರಿ. ಹರಿಯುತ್ತಲೇ ಇದ್ದರೆ, ಇಲ್ಲವೇ ನಲ್ಲಿ ಗಾಳಿ ಎಳೆಯುತ್ತಿದ್ದರೆ ವಾಲ್ವ್ ಬಿಚ್ಚಿ ತೊಳೆಯಿರಿ. ತೆರೆದ ಬಾವಿಯ ಪಂಪಿಗೆ ದಿನಾ ನೀರು ತುಂಬಿ ಪ್ರೈಮ್ ಮಾಡಬೇಕಾಗಿ ಬಂದರೆ ಫುಟ್‌ವಾಲ್ವ್ ಹೋಗಿದೆ ಅಂತಲೇ ತಿಳಿಯಿರಿ. ಔಷಧಿ ಡ್ರಮ್ಮಿಗೆ ಪೈಪು ಮುಳುಗಿಸುವುದಂತೂ ಬೇಡವೇ ಬೇಡ. ಮೊದಲು ನೀರು ತುಂಬಿ, ಪೈಪು ತೆಗೆದು, ಆಮೇಲೆ ಔಷಧಿ ಹಾಕಿ.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ ಅದು. ಸುಮಾರು ನೂರು ಕಿಲೋಮೀಟರಿನಿಂದ ಎತ್ತಿ ತರುವ ಆ ನೀರನ್ನು ಶುದ್ಧ ಮಾಡಿಯೇ ಕಳಿಸುತ್ತಾರೆ. ಅದು ಕೆಡುವುದು ಕೊನೆಯ ಹತ್ತು ಅಡಿಯಲ್ಲಿ, ನಮ್ಮ ನಿಮ್ಮ ರಬ್ಬರ್ ಪೈಪಿನಲ್ಲಿ. ಆ ಬೀದಿಗಳಲ್ಲಿ ನಮ್ಮ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಮುಂದಿನ ಸಲ ಹೋದಾಗ ಒಮ್ಮೆ ಹಿತ್ತಲಿಗೆ ಹೋಗಿ ಪೈಪು ಎಲ್ಲಿ ಮುಳುಗಿದೆ ನೋಡಿ. ಮುಳುಗಿದ್ದರೆ ಎತ್ತಿ ಕಟ್ಟಿ ಬನ್ನಿ.