ಕಡ್ಡಿ ನಾಲ್ಕು, ಕೆಲಸ ಸೊನ್ನೆ!

ಕುಮಟಾದಿಂದ ಹೊನ್ನಾವರ ಹಾದು ಭಟ್ಕಳಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು. ಈ ದಾರಿಯ ಬಸ್ಸಿನಲ್ಲಿ ಕುಳಿತವರ ಬಾಯಲ್ಲಿ ಒಂದು ಮಾತು ಖಾಯಂ: "ರೇಂಜ್ ಉಂಟು ಮಾರಾಯ್ರೆ, ನೆಟ್ ಇಲ್ಲ." ಮೊಬೈಲಿನ ತಲೆಯ ಮೇಲೆ ನಾಲ್ಕು ಕಡ್ಡಿ ನೆಟ್ಟಗೆ ನಿಂತಿರುತ್ತವೆ. ಧಾರೇಶ್ವರದಲ್ಲಿ ಕಳಿಸಿದ ಫೋಟೋ ಕರ್ಕಿ ದಾಟಿದರೂ ಸುತ್ತುತ್ತಲೇ ಇರುತ್ತದೆ. ಕರೆನ್ಸಿ ಹಾಕಿಸಿದ ದುಡ್ಡು ಮಾತ್ರ ಎಲ್ಲಿಯೂ ಸುತ್ತುವುದಿಲ್ಲ, ನೆಟ್ಟಗೆ ಕಂಪನಿಯ ಖಾತೆಗೆ ಹೋಗಿ ಬೀಳುತ್ತದೆ!

ಹಾಗಾದರೆ ಕಡ್ಡಿ ಸುಳ್ಳು ಹೇಳುತ್ತದೆಯೇ? ಪೂರಾ ಸುಳ್ಳಲ್ಲ, ಅರ್ಧ ಸತ್ಯ. ಟವರಿನ ದನಿ ಮೊಬೈಲಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದಷ್ಟೇ ಕಡ್ಡಿಯ ಲೆಕ್ಕ. ಮೊಬೈಲಿನ ದನಿ ಟವರಿಗೆ ಕೇಳುತ್ತಿದೆಯೇ, ಟವರಿಗೆ ಬಿಡುವಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಟವರು ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. 4ಜಿ ಮೊಬೈಲು ಸಾಮಾನ್ಯವಾಗಿ ಹೆಚ್ಚೆಂದರೆ 0.2 ವ್ಯಾಟ್‌ನಲ್ಲಿ ಪಿಸುಗುಟ್ಟುತ್ತದೆ. ಬಂದ ವಿಡಿಯೋ ನೋಡಲು ಸಿಕ್ಕಿದರೂ ತಾನು ತೆಗೆದದ್ದು ಹೋಗದೆ ಕೂರುವುದು ಇದರಿಂದಲೇ.

ಎಲ್ಲ ಸಂದೇಶದ ಭಾರವೂ ಒಂದೇ ಅಲ್ಲ. 'ಊಟ ಆಯ್ತಾ' ಎಂದು ಬರೆದು ಕಳಿಸಿದರೆ ಅದು ಒಂದೆರಡು ಕೆ.ಬಿ.ಯೊಳಗಿನ ಮಾತು, ಸಿಕ್ಕ ಸಂದಿಯಲ್ಲಿ ನುಗ್ಗಿ ಹೋಗುತ್ತದೆ. ಫೋಟೋ ಅದರ ನೂರಾರು ಪಟ್ಟು, ವಿಡಿಯೋ ಸಾವಿರಾರು ಪಟ್ಟು. ಇವು ತಡವಾದರೂ ಕಾದು ಹೋಗುತ್ತವೆ. ಮಾತಿನ ಕರೆಗೆ ಭಾರ ಕಡಿಮೆ, ಆದರೆ ಕಾಯುವ ತಾಳ್ಮೆ ಇಲ್ಲ; ಅರ್ಧ ಸೆಕೆಂಡು ತಡವಾದರೂ 'ಹಲೋ ಹಲೋ' ಶುರು. ವಿಡಿಯೋ ಕರೆಗೆ ಭಾರವೂ ಹೆಚ್ಚು, ತಾಳ್ಮೆಯೂ ಇಲ್ಲ. ವಾಟ್ಸಪ್ಪಿನಲ್ಲಿ ಗಡಿಯಾರದ ಗುರುತು ಇದ್ದರೆ ಸಂದೇಶ ಈ ಕಡೆಯಿಂದಲೇ ಹೊರಟಿಲ್ಲ ಎಂದು ಅರ್ಥ. ಒಂದು ಟಿಕ್ ಬಿದ್ದರೆ ಇಲ್ಲಿಯ ಟವರಿನ ಕೆಲಸ ಮುಗಿಯಿತು, ಇನ್ನು ತೊಡಕು ಆಚೆ ಕಡೆಯದು.

ಭಟ್ಕಳದ ಎಷ್ಟೋ ಮನೆಗಳ ಗಂಡಸರು ಗಲ್ಫಿನಲ್ಲಿದ್ದಾರೆ. ಅವರೂ ಒಂದು ಮಾತು ತಿಳಿದಿರಬೇಕು. ದುಬೈಯಲ್ಲಿ ವಾಟ್ಸಪ್ ಕರೆಗೆ ಬಹಳ ವರ್ಷದಿಂದ ನಿರ್ಬಂಧವಿದೆ. ಬೋಟಿಂನಂಥ ಅನುಮತಿ ಪಡೆದ ಆ್ಯಪ್ ಬೇಕು. ಅಲ್ಲಿಯ ತಡೆಯನ್ನು ಇಲ್ಲಿಯ ಟವರಿನ ತಲೆಗೆ ಕಟ್ಟಿದರೆ ಪ್ರಯೋಜನವಿಲ್ಲ.

ಆದರೆ ಇಲ್ಲಿಯ ತಪ್ಪೇನು ಕಡಿಮೆಯೇ? ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ, ನಡುವೆ ಗುಡ್ಡ, ತೋಟ. ಪೇಟೆ ಮತ್ತು ಹೆದ್ದಾರಿಯನ್ನೇ ನೋಡಿ ಟವರು ನಿಲ್ಲಿಸಿದರೆ ಗೇರುಸೊಪ್ಪೆ ಕಡೆಯ ಕಣಿವೆಯವರಿಗೆ ಗುಡ್ಡವೇ ಗೋಡೆ. ಪೇಟೆಯಲ್ಲಿ ಸಂಜೆಯಾದರೆ ಒಂದೇ ಟವರಿಗೆ ನೂರಾರು ಮಂದಿ ಪಾಲುದಾರರು. ಮಳೆಗಾಲದಲ್ಲಂತೂ 'ಮಳೆಗೆ ನೆಟ್ ಹೋಯ್ತು' ಎಂದು ಜನ ಸುಮ್ಮನಾಗುತ್ತಾರೆ. ಮೊಬೈಲಿನ ತರಂಗಕ್ಕೆ ಮಳೆ ದೊಡ್ಡ ಅಡ್ಡಿಯೇ ಅಲ್ಲ! ಹೋಗುವುದು ಕರೆಂಟು, ಮುಗಿಯುವುದು ಟವರಿನ ಬ್ಯಾಟರಿ, ತುಂಡಾಗುವುದು ರಸ್ತೆ ಪಕ್ಕದ ಕೇಬಲ್ಲು. ದೋಷ ಮುಗಿಲಿನದಲ್ಲ, ವ್ಯವಸ್ಥೆಯದು.

ಇದರ ಬಿಸಿ ಹೆಚ್ಚು ತಟ್ಟುವುದು ಅಂಗಡಿಯ ಗಲ್ಲೆಗೆ. ಗಿರಾಕಿ 'ದುಡ್ಡು ಹೋಯ್ತು' ಎನ್ನುತ್ತಾನೆ, ಅಂಗಡಿಯ ಡಬ್ಬಿ ಬಾಯಿ ಬಿಡುವುದಿಲ್ಲ. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ಆ ಡಬ್ಬಿಯೊಳಗೆ ಬೇರೆಯೇ ಸಿಮ್ ಇದೆ ಎಂಬುದು ಎಷ್ಟು ಜನರಿಗೆ ಗೊತ್ತು? ಗಿರಾಕಿಯ ನೆಟ್ ಸರಿಯಿದ್ದು ಡಬ್ಬಿಯದು ಸತ್ತಿರಬಹುದು. ಇಬ್ಬರೂ ಸುಳ್ಳರಲ್ಲ, ಆದರೂ ಜಗಳ ಇಬ್ಬರದೇ. ನಿಜವಾಗಿಯೂ ಹಣ ನಡುದಾರಿಯಲ್ಲಿ ಸಿಕ್ಕಿಬಿದ್ದರೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರಿನ ಆದೇಶ ಇದೆ. ವ್ಯಾಪಾರಿಗೆ ಖಾತ್ರಿಯಾಗದ ಯುಪಿಐ ಹಣ 5 ದಿನದೊಳಗೆ ತಾನಾಗಿ ಗಿರಾಕಿಯ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಇನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್. ಅದರ 2024ರ ಗುಣಮಟ್ಟ ನಿಯಮದಲ್ಲಿ ಜಿಲ್ಲಾ ಮಟ್ಟದಲ್ಲಿ 24 ಗಂಟೆಗೂ ಮೀರಿ ಸೇವೆ ನಿಂತರೆ ಗ್ರಾಹಕನಿಗೆ ಬಾಡಿಗೆ ಕಡಿತ ಅಥವಾ ಅವಧಿ ವಿಸ್ತರಣೆ ಉಂಟು. ಒಳ್ಳೆಯದೇ. ಆದರೆ ಹೊನ್ನಾವರ ಪೇಟೆಯಲ್ಲಿ ದಿನಾ ಸಂಜೆ ಎರಡು ತಾಸು ನೆಟ್ ತೆವಳಿದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಮೊಬೈಲ್ ಕಂಪನಿಗಳಿಗೆ ಕರ್ನಾಟಕವೆಲ್ಲ ಒಂದೇ ಸರ್ಕಲ್. ಬೆಂಗಳೂರಿನ ಓಟವನ್ನೂ ಮಂಕಿಯ ಕುಂಟಾಟವನ್ನೂ ಕೂಡಿಸಿ ಸರಾಸರಿ ತೆಗೆದರೆ ಪಾಸ್ ಮಾರ್ಕು ಬೀಳುವುದೇನು ಕಷ್ಟ?

ಅದೇ ನಿಯಮದ ಪ್ರಕಾರ ಯಾವ ಊರಿಗೆ ಯಾವ ಸೇವೆ ಇದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕು. ಆ ನಕ್ಷೆ ತೆಗೆದು ನೋಡಿ. ಅದು 'ಇದೆ' ಎಂದು ತೋರಿಸಿದ ಜಾಗದಲ್ಲೇ ಟ್ರಾಯ್‌ನ ಮೈಸ್ಪೀಡ್ ಆ್ಯಪಿನಲ್ಲಿ ವೇಗ ಅಳೆಯಿರಿ: ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಜಾಗ, ದಿನ, ಹೊತ್ತು ಬರೆದಿಟ್ಟು 198ಕ್ಕೆ ದೂರು ಕೊಟ್ಟು ನಂಬರು ಕೇಳಿ ಪಡೆಯಿರಿ. ಉತ್ತರ ಸರಿಬೀಳದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕಿದೆ. ಮೂರೂ ಪೇಟೆಯ ವ್ಯಾಪಾರಸ್ಥರು ಒಟ್ಟಾಗಿ ಒಂದು ತಿಂಗಳು ಹೀಗೆ ಮಾಡಿದರೆ ಸರಾಸರಿಯ ಬಣ್ಣ ಬಯಲಾದೀತು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಬೈದ ಬೈಗುಳ ಯಾವ ಕಚೇರಿಯ ದಫ್ತರಿನಲ್ಲೂ ದಾಖಲಾಗುವುದಿಲ್ಲ.