ಬಿಡುವಿನ ಮಾತು: ಗುಬ್ಬಿಯೊ ಊರಿನ ಬ್ಯಾಕ್ ಆಟಗಾರ

ಗುಬ್ಬಿ ಎಂದೊಡನೆ ನಮ್ಮವರಿಗೆ ವೀರಣ್ಣನವರ ನಾಟಕ ಕಂಪೆನಿಯ ನೆನಪಾಗುವುದು ಸಹಜ. ಆದರೆ ವಾಚಕರೇ, ಈ ಸಲ ನಾನು ಹೇಳಹೊರಟಿರುವುದು ಆ ಗುಬ್ಬಿಯ ಮಾತಲ್ಲ; ಇಟಲಿಯ ಉಂಬ್ರಿಯಾ ಪ್ರಾಂತದ ಗುಬ್ಬಿಯೊ ಎಂಬ ಊರಿನದು. ಬೆಟ್ಟದ ಮಗ್ಗುಲಿಗೆ ಅಂಟಿಕೊಂಡಿರುವ ಹಳೆಯ ಕಲ್ಲುಕಟ್ಟಡಗಳ ಊರು. ಕಾಡುತ್ತಿದ್ದ ತೋಳವನ್ನು ಸಂತ ಫ್ರಾನ್ಸಿಸನು ಒಳ್ಳೆಯ ಮಾತಿನಿಂದಲೇ ಪಳಗಿಸಿದನೆಂಬ ಕಥೆ ಹುಟ್ಟಿದ್ದು ಇಲ್ಲಿಯೇ. ಪ್ರತಿವರ್ಷ ಮೇ 15ರಂದು ಊರವರು ಮರದ ಮೂರು ಭಾರಿ ಕಂಬಗಳನ್ನು ಹೆಗಲಮೇಲೆ ಹೊತ್ತು ಬೆಟ್ಟದ ಮೇಲಿನ ಸಂತ ಉಬಾಲ್ಡೋನ ಗುಡಿಗೆ ಓಡುತ್ತಾರೆ. ತೇರು ಎಳೆದು ಬಲ್ಲ ನಮಗೆ ಆ ಸಡಗರವೇನೂ ಅರ್ಥವಾಗದ್ದಲ್ಲ.

ಈ ಊರಿನ ಫುಟ್‌ಬಾಲ್ ತಂಡದಲ್ಲಿ ಸಿಮೋನೆ ಫರೀನಾ ಎಂಬ ಬ್ಯಾಕ್ ಆಟಗಾರನಿದ್ದ. 1982ರ ಏಪ್ರಿಲಿನಲ್ಲಿ ರೋಮಿನಲ್ಲಿ ಹುಟ್ಟಿದವನು. ಆ ಬೇಸಗೆಯಲ್ಲಿಯೇ ಇಟಲಿ ವಿಶ್ವಕಪ್ ಗೆದ್ದಿತು. ಆರು ಗೋಲು ಹೊಡೆದು ಗೆಲ್ಲಿಸಿದ ಪಾವ್ಲೊ ರೋಸಿ, 1980ರ ಪಂದ್ಯ ಮಾರಾಟದ ಹಗರಣದಲ್ಲಿ ಎರಡು ವರ್ಷ ನಿಷೇಧ ಅನುಭವಿಸಿ ಆಗತಾನೆ ಹಿಂತಿರುಗಿದ್ದ. ತಾನು ನಿರಪರಾಧಿಯೆಂದೇ ಆತ ಹೇಳುತ್ತಿದ್ದನಾದರೂ, ಹಣಕ್ಕೆ ಪಂದ್ಯ ಸೋಲುವ ರೋಗ ಆ ದೇಶಕ್ಕೆ ಹೊಸತಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಫರೀನಾ ರೋಮಾ ಕ್ಲಬ್ಬಿನ ಕಿರಿಯರ ತಂಡದಲ್ಲಿ ಬೆಳೆದವನು. ಆದರೆ ಅಲ್ಲಿಯೇ ದೊಡ್ಡ ಆಟಗಾರನಾಗುವ ಯೋಗ ಕೂಡಿಬರಲಿಲ್ಲ. ಕೆಳಗಿನ ದರ್ಜೆಗಳಲ್ಲಿ ಆಡುತ್ತ 2007ರಲ್ಲಿ ಗುಬ್ಬಿಯೊಗೆ ಬಂದ. ತಂಡ 2010ರಲ್ಲಿ ನಾಲ್ಕನೆಯ ದರ್ಜೆಯಿಂದ ಮೂರನೆಯದಕ್ಕೂ, 2011ರಲ್ಲಿ ಮೂರರಿಂದ ಎರಡನೆಯದಕ್ಕೂ ಏರಿತು. ಅರವತ್ತು ವರ್ಷಕ್ಕೂ ಮೇಲ್ಪಟ್ಟು ಕಾದಿದ್ದ ಊರಿಗೆ ಅದೊಂದು ಹಬ್ಬವೇ ಆಯಿತು.

ಅದೇ ಸೆಪ್ಟೆಂಬರಿನಲ್ಲಿ ಕಿರಿಯರ ತಂಡದ ಹಳೆಯ ಗೆಳೆಯನೊಬ್ಬ ಫರೀನಾನನ್ನು ಕಾಣಲು ಬಂದ. ಮುಂದೆ ಚೆಸೆನಾ ತಂಡದೊಡನೆ ನಡೆಯಲಿದ್ದ ಕಪ್ ಪಂದ್ಯದಲ್ಲಿ ಸೋಲಬೇಕು. ಹಂಚಿಕೊಳ್ಳಲು ಎರಡು ಲಕ್ಷ ಯೂರೊ ಕೊಡುತ್ತೇವೆ ಎಂಬುದು ಅವನ ಮಾತು. ಅಂದಿನ ಲೆಕ್ಕದಲ್ಲಿ ಒಂದು ಕೋಟಿ ರೂಪಾಯಿಗೂ ಮಿಕ್ಕಿದ ಹಣ.

ಸರಕಾರಿ ಮೇಜಿನ ಹಿಂದೆ ಕೂತವರಿಗೆ ಈ ದಾರಿ ಗೊತ್ತಿದೆ. ಲಂಚವೆಂಬುದು ಅಪರಿಚಿತನ ಕೈಯಲ್ಲಿ ಬರುವುದು ಕಡಿಮೆ. ಕಾಲೇಜಿನ ಗೆಳೆಯ, ಬೀಗರ ಕಡೆಯವರು, ಊರಿನ ಪರಿಚಯದವರು, ಹೀಗೆ ಸಲಿಗೆಯ ಬಾಗಿಲಿನಿಂದಲೇ ಒಳಗೆ ಬರುತ್ತದೆ. ನಾನೂ ಒಮ್ಮೆ ಮಿಠಾಯಿ ಪೆಟ್ಟಿಗೆಯ ಅಡಿಯಲ್ಲಿದ್ದ ಲಕೋಟೆಯನ್ನು ಹಿಂತಿರುಗಿಸಿದ್ದೇನೆ. ಬಹಳ ದಿನ ಆ ಬಗ್ಗೆ ಹೆಮ್ಮೆಯಿತ್ತು. ಆದರೆ ಮೇಲಿನವರಿಗೆ ತಿಳಿಸಲಿಲ್ಲ. ಪರಿಚಯದವನಲ್ಲವೇ, ಯಾಕೆ ಸುಮ್ಮನೆ ರಗಳೆ ಎಂದುಕೊಂಡೆ. ಆ ಲಕೋಟೆ ಆಮೇಲೆ ಯಾವ ಮೇಜಿಗೆ ಹೋಯಿತೋ ದೇವರೇ ಬಲ್ಲ.

ಫರೀನಾ ಬೇಡವೆಂದು ಹೇಳಿ ಸುಮ್ಮನಾಗಲಿಲ್ಲ. ಹೋಗಿ ದೂರು ಕೊಟ್ಟ. ಕ್ರೆಮೋನಾ ನಗರದ ಸರಕಾರಿ ಅಭಿಯೋಜಕರು ನಡೆಸುತ್ತಿದ್ದ ತನಿಖೆಗೆ ಅದರಿಂದ ಬಲ ಬಂದಿತು. 2011ರ ಡಿಸೆಂಬರಿನಲ್ಲಿ 17 ಮಂದಿಯ ಬಂಧನವಾಯಿತು. ಅವರಲ್ಲಿ ಹೆಸರಾಂತ ಆಟಗಾರರೂ ಇದ್ದರು.

ಮುಂದಿನ ಜನವರಿ 9ರಂದು ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಮೆಸ್ಸಿ ಮೂರನೆಯ ಬಾರಿ ಚಿನ್ನದ ಚೆಂಡು ಪಡೆದ ಸಭೆಗೇ ಈತನನ್ನೂ ಕರೆದು, ಫಿಫಾ ಸಂಸ್ಥೆಯು ನ್ಯಾಯದ ಆಟದ ರಾಯಭಾರಿಯೆಂದು ಸಾರಿತು. ಇಟಲಿ ತಂಡದ ತರಬೇತುದಾರ ಪ್ರಾಂದೆಲ್ಲಿ ತನ್ನ ಆಟಗಾರರೊಡನೆ ಅಭ್ಯಾಸ ಮಾಡಲು ಕರೆಸಿಕೊಂಡ. ಚಪ್ಪಾಳೆಗೇನೂ ಕಡಿಮೆಯಾಗಲಿಲ್ಲ. (ಆ ದಿನ ಫಿಫಾದ ಅಧ್ಯಕ್ಷರಾಗಿದ್ದವರೇ 2015ರಲ್ಲಿ ಅದೇ ಸಂಸ್ಥೆಯ ನೀತಿ ಸಮಿತಿಯಿಂದ ನಿಷೇಧಕ್ಕೊಳಗಾದರು. ಅದು ಬೇರೆ ಕಥೆ.)

2012ರಲ್ಲಿ ಗುಬ್ಬಿಯೊ ಮತ್ತೆ ಕೆಳಗಿಳಿಯಿತು. ಫರೀನಾನ ಕರಾರು ಮುಗಿಯಿತು. ಆಟಗಾರನಾಗಿ ಅವನನ್ನು ತೆಗೆದುಕೊಳ್ಳುವ ಇನ್ನೊಂದು ತಂಡ ಸಿಕ್ಕಲಿಲ್ಲ. ಮೂವತ್ತನೆಯ ವಯಸ್ಸಿಗೇ ಆಟ ಮುಗಿಯಿತು. ಕೊನೆಗೆ ಕೆಲಸ ಕೊಟ್ಟದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆ್ಯಸ್ಟನ್ ವಿಲ್ಲಾ ಕ್ಲಬ್ಬು. ಮಕ್ಕಳಿಗೆ ಆಟವನ್ನೂ ಆಟದ ನಡತೆಯನ್ನೂ ಕಲಿಸುವ ಕೆಲಸ. ಊರು, ಭಾಷೆ, ಊಟ ಬಿಟ್ಟು ಅನ್ನ ಹುಡುಕಿಕೊಂಡು ಹೊರಡುವುದೆಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ಅಕ್ಕಿ ಆರಿಸುತ್ತಿದ್ದ ನಮ್ಮ ಮನೆಯವಳು ಕೇಳಿದಳು: "ಅಷ್ಟೆಲ್ಲ ಮಾಡಿ ಪಾಪ, ಅವನಿಗೆ ದಕ್ಕಿದ್ದಾದರೂ ಏನ್ರೀ?" ಲೆಕ್ಕ ಹಾಕಿದರೆ ನಷ್ಟವೇ ಹೆಚ್ಚು ಕಾಣುತ್ತದೆ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಅಷ್ಟರಲ್ಲಿ ಮಗ ಪುಸ್ತಕದಿಂದ ತಲೆಯೆತ್ತಿ, "ಅಪ್ಪಾ, ಅವನು ಒಟ್ಟು ಎಷ್ಟು ಗೋಲು ಹೊಡೆದಿದ್ದಾನೆ?" ಎಂದ.

"ಅವನು ಬ್ಯಾಕ್ ಕಣೋ. ಹೊಡೆಯುವುದಲ್ಲ, ತಡೆಯುವುದು ಅವನ ಕೆಲಸ," ಎಂದೆ.

ಮಗ ಒಪ್ಪಿಕೊಂಡು ಓದಿಗೆ ತಿರುಗಿದ. ಅವನ ತಾಯಿ ಮಾತ್ರ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ಆ ಮಿಠಾಯಿ ಪೆಟ್ಟಿಗೆಯ ಸಂಗತಿ ಅವಳಿಗೂ ಗೊತ್ತಿದೆ.