ತಪ್ಪಿಸಿಕೊಂಡ ಮೀನು

ಕಳೆದ ವರ್ಷ ಒಂದು ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ ಬಂತು. ಅಲಾಸ್ಕಾದ ನದಿಗಳು, ಸಾಲ್ಮನ್ ಮೀನು, ಅದನ್ನು ಹಿಡಿಯುವ ಕರಡಿ, ಇಷ್ಟೇ ಇರುತ್ತದೆ ಅಂದುಕೊಂಡು ನಿಮಿಷಕ್ಕಿಷ್ಟು ಎಂಬ ದರಕ್ಕೆ ಒಪ್ಪಿಕೊಂಡೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಪದ ಕಾಲಿಗೆ ತೊಡರಿತು: ಎಸ್ಕೇಪ್‌ಮೆಂಟ್. ಸಮುದ್ರದಿಂದ ನದಿಗೆ ಬಂದು, ದಾರಿಯ ಬಲೆಗಳನ್ನೆಲ್ಲ ದಾಟಿ, ಮೊಟ್ಟೆಯಿಡುವ ಜಾಗಕ್ಕೆ ಮುಟ್ಟುವ ಮೀನುಗಳ ಸಂಖ್ಯೆಗೆ ಮೀನುಗಾರಿಕೆ ಇಲಾಖೆಗಳು ಇಟ್ಟ ಹೆಸರು ಅದು. ತಪ್ಪಿಸಿಕೊಂಡವು. ಅಂದರೆ ಸಿಕ್ಕಿಬೀಳಬೇಕಾದದ್ದು ಸಹಜ, ಊರು ಮುಟ್ಟಿದ್ದು ಅಪವಾದ.

ನಮ್ಮ ಮಲೆನಾಡಿನಲ್ಲಿ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರಿ ಬರುವ ಮೀನಿಗೆ ಹತ್ತುಮೀನು ಅನ್ನುತ್ತಾರೆ. ಆ ಪದದಲ್ಲಿ ಕೆಲಸ ಮಾಡುತ್ತಿರುವುದು ಮೀನು. ಎಸ್ಕೇಪ್‌ಮೆಂಟ್‌ನಲ್ಲಿ ಎಲ್ಲವನ್ನೂ ಬಲೆಯ ಕಡೆಯಿಂದಲೇ ನೋಡುತ್ತೇವೆ. (ಹತ್ತುಮೀನನ್ನು ಹೊಟ್ಟೆ ತುಂಬ ಮೊಟ್ಟೆ ಇರುವಾಗಲೇ ಕತ್ತಿಯಲ್ಲಿ ಕಡಿದು ಚೀಲಕ್ಕೆ ತುಂಬಿಕೊಳ್ಳುವವರೂ ನಮ್ಮವರೇ. ಪದ ಚೆನ್ನಾಗಿದ್ದ ಮಾತ್ರಕ್ಕೆ ನಾವೇನೂ ಸಾಚಾ ಅಲ್ಲ.) ಆ ಒಂದು ಪದದ ಹಿಂದೆ ಬಿದ್ದು ನಾನು ಯೂಕಾನ್ ನದಿಯ ಬಗ್ಗೆ ಓದಲು ಶುರು ಮಾಡಿದೆ. ಓದುತ್ತಾ ಹೋದಂತೆ ಸಿಟ್ಟು ಬಂತು. ಈ ಬರಹ ಆ ಸಿಟ್ಟಿನದು.

ಯೂಕಾನ್ ಕೆನಡಾದಲ್ಲಿ ಹುಟ್ಟಿ, ಅಲಾಸ್ಕಾವನ್ನು ಅಡ್ಡಲಾಗಿ ಸೀಳಿಕೊಂಡು, ಸುಮಾರು 3,200 ಕಿ.ಮೀ. ಹರಿದು ಬೇರಿಂಗ್ ಸಮುದ್ರ ಸೇರುತ್ತದೆ. ಚಿನೂಕ್ ಎಂಬ ದೊಡ್ಡ ಸಾಲ್ಮನ್ ಪ್ರತಿ ಬೇಸಿಗೆಯಲ್ಲಿ ಇದನ್ನು ತಿರುಗಾಮುರುಗಾ ಏರುತ್ತದೆ. ಸಿಹಿನೀರಿಗೆ ಕಾಲಿಟ್ಟ ಮೇಲೆ ಅದು ತಿನ್ನುವುದಿಲ್ಲ. ಸಮುದ್ರದಲ್ಲಿ ಕಟ್ಟಿಕೊಂಡ ಕೊಬ್ಬನ್ನೇ ಕರಗಿಸುತ್ತ ಕೆಲವು ಮೀನುಗಳು 3,000 ಕಿ.ಮೀ.ಯಷ್ಟು ಈಜುತ್ತವೆ. ಯೂಕಾನ್‌ನ ಚಿನೂಕ್‌ಗೆ ಅಷ್ಟು ಕೊಬ್ಬು, ಅಷ್ಟು ರುಚಿ ಬಂದಿರುವುದೇ ಈ ದೂರದಿಂದ.

ಈ ಮೀನುಗಳನ್ನು ಎಣಿಸುತ್ತಾರೆ. ಸಮುದ್ರದಿಂದ ಸುಮಾರು 200 ಕಿ.ಮೀ. ಮೇಲೆ ಪೈಲಟ್ ಸ್ಟೇಷನ್ ಎಂಬ ಹಳ್ಳಿಯ ಹತ್ತಿರ ಸೋನಾರ್ ಇಟ್ಟಿದ್ದಾರೆ. ನೀರು ಮಣ್ಣಿನ ಬಣ್ಣದ್ದು, ಕಣ್ಣಿಗೆ ಏನೂ ಕಾಣುವುದಿಲ್ಲ. ಶಬ್ದದ ಅಲೆ ಬಿಟ್ಟರೆ ಮೀನು ಹೋಯಿತು ಎಂದು ಗೊತ್ತಾಗುತ್ತದೆ, ಯಾವ ಮೀನು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಪಕ್ಕದಲ್ಲೇ ಬೇರೆ ಬೇರೆ ಕಣ್ಣಿನ ಬಲೆಗಳನ್ನು ತೇಲಿಬಿಟ್ಟು, ಸಿಕ್ಕಿದವುಗಳಲ್ಲಿ ಯಾವ ಜಾತಿ ಎಷ್ಟು ಎಂದು ನೋಡಿ, ಆ ಪ್ರಮಾಣಕ್ಕೆ ಸೋನಾರ್ ಲೆಕ್ಕವನ್ನು ಹಂಚುತ್ತಾರೆ. ಕೆನಡಾ ಗಡಿಯ ಬಳಿ ಈಗಲ್ ಎಂಬಲ್ಲಿ ಇನ್ನೊಂದು ಸೋನಾರ್ ಇದೆ. ಹಂಗಾಮಿನ ಮಧ್ಯದಲ್ಲೇ ಈ ಲೆಕ್ಕಗಳನ್ನು ನೋಡಿ, ಈ ವಾರ ಈ ಊರಿನವರು ಇಷ್ಟು ಗಂಟೆ ಬಲೆ ಹಾಕಬಹುದು, ಹಾಕಬಾರದು, ಎಂದು ಆದೇಶ ಹೊರಡುತ್ತದೆ. ಇದೆಲ್ಲ ನಿಜಕ್ಕೂ ಅಚ್ಚುಕಟ್ಟಾದ ವಿಜ್ಞಾನ. ಇದೇ ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿಯಲ್ಲಿ ನದಿದಂಡೆಯ ಅಟ್ಟಣೆಯ ಮೇಲೆ ನಿಂತು ಗಂಟೆಗೆ ಹತ್ತು ನಿಮಿಷ ಮೀನೆಣಿಸುವ ಪದ್ಧತಿಯಿದೆ, ಮತ್ತು ಅಲ್ಲಿ 2022ರಲ್ಲಿ ಸುಮಾರು 7.9 ಕೋಟಿ ಸಾಕ್‌ಐ ಸಾಲ್ಮನ್ ಮರಳಿ ಬಂದವು. ಆದ್ದರಿಂದ ಎಣಿಕೆಯ ಮೇಲೆ ನನಗೆ ಜಗಳವಿಲ್ಲ.

ಅದೇ 2022ರಲ್ಲಿ ಯೂಕಾನ್ ಏರಿ ಕೆನಡಾ ಗಡಿ ಮುಟ್ಟಿದ ಚಿನೂಕ್ ಸುಮಾರು 12 ಸಾವಿರ. ಎರಡು ದೇಶಗಳ ನಡುವಿನ ಗುರಿ ಕನಿಷ್ಠ 42,500 ಇತ್ತು. ಅದಕ್ಕೂ ಹಿಂದಿನ ವರ್ಷ ಚಮ್ ಸಾಲ್ಮನ್ ಕೂಡ ಕುಸಿದಿತ್ತು: ಬೇಸಿಗೆಯಲ್ಲಿ ಹದಿನೈದು ಲಕ್ಷಕ್ಕೂ ಮೇಲೆ ಬರುತ್ತಿದ್ದ ಮೀನು 2021ರಲ್ಲಿ ಒಂದೂವರೆ ಲಕ್ಷದ ಆಸುಪಾಸಿಗೆ ಇಳಿಯಿತು. ನದಿ ಮುಚ್ಚಿದರು. ಮಾರುವುದಕ್ಕಲ್ಲ, ಮನೆಯ ಚಳಿಗಾಲದ ಊಟಕ್ಕೆ ಒಣಗಿಸಿಡುವ ಮೀನಿಗೂ ಬಲೆ ಹಾಕುವಂತಿಲ್ಲ ಎಂದರು. ಏಪ್ರಿಲ್ 2024ರಲ್ಲಿ ಅಲಾಸ್ಕಾ ಮತ್ತು ಕೆನಡಾದ ಮೀನುಗಾರಿಕೆ ಇಲಾಖೆಗಳು ಸಹಿ ಹಾಕಿ ಚಿನೂಕ್ ಹಿಡಿಯುವುದನ್ನು ಏಳು ವರ್ಷಕ್ಕೆ ನಿಲ್ಲಿಸಿದವು. ಮೀನಿನ ಒಂದು ಪೂರ್ತಿ ಜೀವನಚಕ್ರದಷ್ಟು ಕಾಲ. ಹೊಸ ಗುರಿ 71,000. ಈ ನದಿಯನ್ನೇ ನಂಬಿದ ಐವತ್ತರಷ್ಟು ಹಳ್ಳಿಗಳ ಬುಡಕಟ್ಟು ಸರ್ಕಾರಗಳು ಈ ಒಪ್ಪಂದದ ಸಹಿದಾರರಲ್ಲ.

ಇನ್ನು ಸಮುದ್ರ. ಬೇರಿಂಗ್ ಸಮುದ್ರದಲ್ಲಿ ಪೊಲಾಕ್ ಎಂಬ ಬಿಳಿ ಮೀನನ್ನು ಟ್ರಾಲರ್‌ಗಳು ವರ್ಷಕ್ಕೆ 10 ಲಕ್ಷ ಟನ್ನಿಗೂ ಹೆಚ್ಚು ಎತ್ತುತ್ತವೆ. ಅಮೆರಿಕದ ಮೀನಿನ ಬರ್ಗರ್, ನಕಲಿ ಏಡಿ, ಶಾಲೆಯ ಮಕ್ಕಳ ಊಟದ ಮೀನಿನ ತುಂಡು, ಬಹುಪಾಲು ಇದೇ. ಆ ಬಲೆಗೆ ಸಾಲ್ಮನ್ ಕೂಡ ಬೀಳುತ್ತದೆ. ಕಡತದಲ್ಲಿ ಅದು ‘ನಿಷಿದ್ಧ ಜಾತಿ’, ಮಾರುವಂತಿಲ್ಲ, ಎಣಿಸಬೇಕು. ಸ್ವಲ್ಪ ಆಹಾರ ಬ್ಯಾಂಕಿಗೆ ಹೋಗುತ್ತದೆ, ಉಳಿದದ್ದು ಹಾಳು. 2007ರಲ್ಲಿ ಹೀಗೆ ಬಿದ್ದ ಚಿನೂಕ್ 1 ಲಕ್ಷ 20 ಸಾವಿರ ದಾಟಿತು. ಗಲಾಟೆಯಾಗಿ 2011ರಿಂದ 60,000ದ ಮಿತಿ ಬಂತು. 2016ರಿಂದ ಇನ್ನೊಂದು ಷರತ್ತು: ಯೂಕಾನ್ ಮೇಲ್ಭಾಗ, ಕುಸ್ಕೊಕ್ವಿಮ್, ಉನಲಕ್ಲೀಟ್ ಎಂಬ ಮೂರು ನದಿಗಳ ಚಿನೂಕ್ ಒಟ್ಟು 2.5 ಲಕ್ಷಕ್ಕಿಂತ ಇಳಿದರೆ ಸಮುದ್ರದ ಮಿತಿಯೂ ಇಳಿಯುತ್ತದೆ. ಎಷ್ಟಕ್ಕೆ? 45,000ಕ್ಕೆ.

ಇದನ್ನು ನಾನು ಎರಡು ಸಲ ಓದಿದೆ, ಅನುವಾದದಲ್ಲಿ ತಪ್ಪುತ್ತಿದ್ದೇನೇನೋ ಎಂದು. ಮೀನು ಕಡಿಮೆಯಾದರೆ ನದಿಯವರ ಪಾಲು ಸೊನ್ನೆ. ಅದೇ ಮೀನು ಕಡಿಮೆಯಾದರೆ ಹಡಗಿನವರ ಪಾಲು ನಲವತ್ತೈದು ಸಾವಿರ, ಅದೂ ಅವರಿಗೆ ಬೇಡವಾದ ಮೀನು. ಇನ್ನು ಚಮ್‌ಗಂತೂ 2021ರಲ್ಲಿ ಅಂಥ ಕಟ್ಟುನಿಟ್ಟಿನ ಮಿತಿಯೇ ಇರಲಿಲ್ಲ. ಆ ವರ್ಷ ಟ್ರಾಲರ್‌ಗಳ ಬಲೆಗೆ ಬಿದ್ದ ಚಮ್ 5 ಲಕ್ಷ 40 ಸಾವಿರಕ್ಕೂ ಹೆಚ್ಚು. ಅಲಾಸ್ಕಾ ಪರ್ಯಾಯ ದ್ವೀಪದ ದಕ್ಷಿಣ ತೀರದಲ್ಲಿ ವಾಣಿಜ್ಯ ದೋಣಿಗಳು ಅದೇ ಜೂನ್‌ನಲ್ಲಿ 10 ಲಕ್ಷಕ್ಕೂ ಹೆಚ್ಚು ಚಮ್ ಹಿಡಿದು ಮಾರಿದವು. ಮೇಲೆ ನದಿಯ ಹಳ್ಳಿಗಳಿಗೆ ಬ್ರಿಸ್ಟಲ್ ಕೊಲ್ಲಿಯಿಂದ ವಿಮಾನದಲ್ಲಿ ದಾನದ ಮೀನು ಬಂತು.

ಎದುರು ಪಕ್ಷದ ವಾದ ಗಟ್ಟಿಯಾಗಿಯೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಟ್ರಾಲರ್ ಬಲೆಯ ಮೀನೆಲ್ಲ ಯೂಕಾನ್‌ನದಲ್ಲ. ವಂಶವಾಹಿ ಪರೀಕ್ಷೆಯ ಪ್ರಕಾರ ಆ ಚಮ್‌ನ ಬಹುಪಾಲು ಏಷ್ಯಾದ ನದಿಗಳದು, ಹ್ಯಾಚರಿಗಳದು. ಪಶ್ಚಿಮ ಅಲಾಸ್ಕಾದ್ದು ಹತ್ತರಲ್ಲಿ ಸುಮಾರು ಒಂದು. ಇತ್ತೀಚೆಗೆ ಹಡಗುಗಳ ಬಲೆಗೆ ಬೀಳುವ ಚಿನೂಕ್ ಮಿತಿಯ ಹತ್ತಿರಕ್ಕೂ ಹೋಗಿಲ್ಲ. ಕುಸಿತಕ್ಕೆ ದೊಡ್ಡ ಕಾರಣ ಕಾದ ಸಮುದ್ರ, ಕಾದ ನದಿ. 2019ರ ಬಿಸಿಲಿಗೆ ಕೊಯುಕುಕ್ ಉಪನದಿಯಲ್ಲಿ ಹೊಟ್ಟೆಯ ಮೊಟ್ಟೆ ಹಾಗೇ ಇಟ್ಟುಕೊಂಡು ಚಮ್ ಸತ್ತು ತೇಲಿದವು. ಇಕ್ತಿಯೋಫೋನಸ್ ಎಂಬ ಪರೋಪಜೀವಿಯ ಕಾಟವೂ ಇದೆ. ಮೀನಿನ ಗಾತ್ರವೇ ಕುಗ್ಗಿದೆ. ಮತ್ತು ನದಿಯಲ್ಲಿ ಹಿಡಿದ ಪ್ರತಿ ಚಿನೂಕೂ ಖಚಿತವಾಗಿ ಮೊಟ್ಟೆಯಿಡಲು ಹೊರಟದ್ದೇ. ಸಮುದ್ರದಲ್ಲಿ ಸಿಕ್ಕಿದ್ದು ಯಾವ ನದಿಯದೋ, ಬದುಕಿ ಬರುತ್ತಿತ್ತೋ ಇಲ್ಲವೋ.

ಸರಿ, ಒಪ್ಪಿದೆ. ಮೀನು ಮಿತಿಯ ಹತ್ತಿರಕ್ಕೂ ಬೀಳುವುದಿಲ್ಲವಾದರೆ ಮಿತಿಯನ್ನು ಇಳಿಸಲು ಅಡ್ಡಿಯೇನು? ಬಳಸದ ಪಾಲನ್ನು ಕಾನೂನಿನಲ್ಲಿ ಕಾದಿಟ್ಟುಕೊಳ್ಳುವುದು ಯಾರಿಗೋಸ್ಕರ? ಎರಡನೆಯದು, ‘ನಾವು ಮುಖ್ಯ ಕಾರಣವಲ್ಲ’ ಎಂಬ ಮಾತು. ಆರ್ಕ್ಟಿಕ್‌ನ ಬಿಸಿಗೆ ಯೂಕಾನ್ ದಂಡೆಯ ಅಜ್ಜಿಯೂ ಮುಖ್ಯ ಕಾರಣವಲ್ಲ. ಅವಳು ಕಾರಣವಲ್ಲದಿದ್ದರೂ ಅವಳ ಬಲೆ ಮೇಲೆತ್ತಿಸಿದ್ದು ‘ಒಂದೊಂದು ಮೀನೂ ಮುಖ್ಯ’ ಎಂಬ ತರ್ಕದಿಂದ. ಅದೇ ತರ್ಕ ಸಮುದ್ರಕ್ಕೆ ಹೋದ ಕೂಡಲೇ ಶೇಕಡಾವಾರು ಆಗಿಬಿಡುತ್ತದೆ. ನದಿಯಲ್ಲಿ ಬಿಡಿ ಲೆಕ್ಕ, ಸಮುದ್ರದಲ್ಲಿ ಸಗಟು ಲೆಕ್ಕ. ಕಾರಣ ನನಗೆ ಕಾಣುವುದು ಇಷ್ಟೇ: ಎಣಿಸಲು ಸುಲಭವಾಗಿರುವುದು ಎಲ್ಲಿಯೋ, ಆಳಲು ಸುಲಭವಾಗಿರುವುದೂ ಅಲ್ಲೇ. ಸೋನಾರ್ ನದಿಯಲ್ಲಿದೆ, ದೋಣಿ ಚಿಕ್ಕದು, ಮನೆ ದಂಡೆಯ ಮೇಲೇ ಇದೆ, ವಕೀಲರಿಲ್ಲ. 1971ರ ಭೂ ಇತ್ಯರ್ಥ ಕಾಯ್ದೆ ಅಲಾಸ್ಕಾದ ಮೂಲನಿವಾಸಿಗಳ ಬೇಟೆ ಮತ್ತು ಮೀನಿನ ಮೂಲ ಹಕ್ಕನ್ನು ಒಂದು ವಾಕ್ಯದಲ್ಲಿ ಅಳಿಸಿತ್ತು. ಉಳಿದದ್ದು ಇಲಾಖೆಯ ಅನುಮತಿ.

ಬೇರೆ ರೀತಿ ಸಾಧ್ಯವೇ ಇಲ್ಲ ಅನ್ನುವವರು ನಮ್ಮ ಪಶ್ಚಿಮ ಕರಾವಳಿಯನ್ನಾದರೂ ನೋಡಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ದಡದಲ್ಲಿರುತ್ತವೆ, ನಾಡದೋಣಿಯವರು ಕಡಲಿಗಿಳಿಯಬಹುದು. ಅದರಲ್ಲಿ ನೂರು ತೂತುಗಳಿವೆ, ಮಲ್ಪೆಯವರನ್ನು ಕೇಳಿದರೆ ಪಟ್ಟಿ ಕೊಡುತ್ತಾರೆ. ಆದರೂ ಆ ನಿಯಮದ ವ್ಯಾಕರಣ ನೇರವಾಗಿದೆ: ಮೊದಲು ನಿಲ್ಲಬೇಕಾದದ್ದು ದೊಡ್ಡದು.

ಭಾಷಾಶಾಸ್ತ್ರ ಓದಿದ ನನಗೆ ಹೆಚ್ಚು ಚುಚ್ಚಿದ್ದು ಇನ್ನೊಂದು. ನದಿಯ ಕೆಳಭಾಗದ ಯುಪಿಕ್ ಭಾಷೆಯಲ್ಲಿ ‘ನೆಕಾ’ ಅಂದರೆ ಮೀನು. ‘ನೆಕಾ’ ಅಂದರೆ ಊಟವೂ ಹೌದು. ಆ ಭಾಷೆಯನ್ನು ಮಕ್ಕಳು ಕಲಿಯುವ ದೊಡ್ಡ ಶಾಲೆ ಬೇಸಿಗೆಯ ಮೀನಿನ ಬಿಡಾರ. ಅಜ್ಜಿ ಅರ್ಧಚಂದ್ರದ ಕತ್ತಿಯಿಂದ ಸೀಳುವಾಗ, ಚಪ್ಪರಕ್ಕೆ ನೇತುಹಾಕುವಾಗ, ಹೊಗೆಮನೆಗೆ ಸೌದೆ ಆರಿಸುವಾಗ ಪದಗಳು ಕೈಯಿಂದ ಕೈಗೆ ಬರುತ್ತವೆ. ಪದಕೋಶದಲ್ಲಿ ಅವನ್ನು ಬರೆದಿಡಬಹುದು, ನಾವು ಬರೆದಿಡುವುದರಲ್ಲಿ ನಿಸ್ಸೀಮರು. ಆದರೆ ಮೀನಿಲ್ಲದ ಬಿಡಾರಕ್ಕೆ ಯಾರೂ ಹೋಗುವುದಿಲ್ಲ. ಒಪ್ಪಂದವಾದ ವರ್ಷ ಐದರ ಮಗುವಾಗಿದ್ದವಳು ಅದು ಮುಗಿಯುವಾಗ ಹನ್ನೆರಡರ ಹುಡುಗಿ. ಇದನ್ನು ಯಾವ ಸೋನಾರೂ ಎಣಿಸುತ್ತಿಲ್ಲ, ಯಾವ ಗುರಿಯಲ್ಲೂ ಇದಕ್ಕೊಂದು ಅಂಕಿಯಿಲ್ಲ.

ಕೇಳಬೇಕಾದದ್ದು ದೊಡ್ಡದೇನಲ್ಲ. ನದಿಯ ಮನೆಬಳಕೆಯ ಬಲೆ ಸೊನ್ನೆಗೆ ಇಳಿದ ವರ್ಷ ಸಮುದ್ರದ ಸಾಲ್ಮನ್ ಮಿತಿಯೂ ಸೊನ್ನೆಯ ಕಡೆಗೆ ಇಳಿಯಬೇಕು, 45,000ದ ಕಡೆಗಲ್ಲ. ನದಿ ಮುಚ್ಚುವ ಕಾಗದದ ಮೇಲೆ ನದಿಯವರ ಸಹಿ ಇರಬೇಕು. ಇದರಿಂದ ಚಿನೂಕ್ ರಾತ್ರೋರಾತ್ರಿ ಮರಳುತ್ತದೆ ಎಂದು ನಾನು ಹೇಳುತ್ತಿಲ್ಲ. ನದಿ ಮುಚ್ಚಿದ್ದರಿಂದಲೂ ಮರಳಿಲ್ಲ.

ಸಬ್‌ಟೈಟಲ್‌ನಲ್ಲಿ ನಾನು ‘ಮನೆ ಮುಟ್ಟಿದ ಮೀನು’ ಎಂದು ಬರೆದು ಕಳಿಸಿದೆ. ಪರಿಶೀಲಕರು ಅದನ್ನು ‘ತಪ್ಪಿಸಿಕೊಂಡ ಮೀನು’ ಎಂದು ತಿದ್ದಿ, ಮೂಲಕ್ಕೆ ನಿಷ್ಠವಾಗಿರಿ ಎಂದು ಷರಾ ಬರೆದು ವಾಪಸ್ ಕಳಿಸಿದರು. ಮೂಲಕ್ಕೆ ನಿಷ್ಠರಾಗಿದ್ದದ್ದು ಅವರೇ, ನಿಜ. ಹಾಗೇ ಬಿಟ್ಟೆ.